ಬೇಲಿ ಸ್ವಲ್ಪ ಸಡಿಲ ಆಗಿದೆ ಭಾವ

ಆಚೆಮನೆಯ ದನ ನಮ್ಮ ಹಿತ್ತಲಿಗೆ ನುಗ್ಗಿ ಬಸಳೆ ಚಪ್ಪರ ಬೋಳಿಸಿ ಹೋದರೆ ತಪ್ಪು ಯಾರದು? ದನದ್ದು ಅನ್ನುವ ಹಾಗಿಲ್ಲ, ಗೋಮಾತೆ. ಯಜಮಾನರದ್ದು ಅನ್ನುವ ಹಾಗಿಲ್ಲ, ಅಡಿಕೆ ಕೊಯ್ಲಿಗೆ ಅವರ ದೋಟಿ ಬೇಕು. ನಮ್ಮದು ಅನ್ನಲು ಮನಸ್ಸು ಬರುವುದಿಲ್ಲ. ಉಳಿದದ್ದು ಬೇಲಿ. ಬೇಲಿಯ ದೊಡ್ಡ ಗುಣವೆಂದರೆ ಅದಕ್ಕೆ ಸಿಟ್ಟು ಬರುವುದಿಲ್ಲ, ಎದುರು ಮಾತಾಡುವುದಿಲ್ಲ, ಮದುವೆ ಮನೆಯಲ್ಲಿ ಸಿಕ್ಕಾಗ ಮುಖ ತಿರುಗಿಸಿಕೊಂಡೂ ಹೋಗುವುದಿಲ್ಲ. ಹಾಗಾಗಿ ತೀರ್ಥಹಳ್ಳಿ ಕಡೆಯ ನಮ್ಮಂಥ ಒಂಟಿಮನೆಗಳ ಊರಿನಲ್ಲಿ ದೂರು ಕೊಡುವುದೇನಿದ್ದರೂ ಬೇಲಿಯ ಮೇಲೆ.

‘ಬೇಲಿ ಸ್ವಲ್ಪ ಸಡಿಲ ಆಗಿದೆ ಭಾವ’ ಎಂದು ನಾನು ಅಡಿಕೆ ಕತ್ತರಿಸುತ್ತಾ ಹೇಳುತ್ತೇನೆ.

‘ಹೌದಾ ಮಾರಾಯ್ರೆ, ಈ ಸಲ ಮಳೆ ಜೋರಲ್ದಾ, ಗೂಟ ಎಲ್ಲ ಕುಂಬಾಗಿರ್ತದೆ’ ಎಂದು ಅವರು ಎಲೆಗೆ ಸುಣ್ಣ ಹಚ್ಚುತ್ತಾ ಹೇಳುತ್ತಾರೆ.

ಗೌರಿಯ ಹೆಸರನ್ನು ಇಬ್ಬರೂ ಎತ್ತುವುದಿಲ್ಲ. ಅವಳು ಅಲ್ಲೇ ಕೊಟ್ಟಿಗೆಯಲ್ಲಿ ನಿಂತು ನಮ್ಮ ಬಸಳೆಯನ್ನು ಮೆಲುಕು ಹಾಕುತ್ತಿರುತ್ತಾಳೆ. ನನ್ನ ಕಣ್ಣು ಅತ್ತ ಹೋಗಿದ್ದು ಭಾವನಿಗೆ ಗೊತ್ತಾಗುತ್ತದೆ, ಗೊತ್ತಾಗಿದ್ದು ನನಗೂ ಗೊತ್ತಾಗುತ್ತದೆ. ‘ಇನ್ನೊಂದು ಎಲೆ ಹಾಕಿ’ ಎಂದು ಕವಳದ ತಟ್ಟೆ ಮುಂದೆ ಬರುತ್ತದೆ. ವಿಚಾರಣೆ ಮುಗಿಯಿತು.

ಗೌರಿ ಮಲೆನಾಡು ಗಿಡ್ಡ ಜಾತಿಯವಳು. ಕರ್ನಾಲಿನ ರಾಷ್ಟ್ರೀಯ ಪಶು ತಳಿ ಸಂಸ್ಥೆಯವರು 2012ರಲ್ಲಿ ಈ ತಳಿಗೆ ಅಧಿಕೃತ ಮಾನ್ಯತೆ ಕೊಟ್ಟರಂತೆ. ಆ ಸುದ್ದಿ ಇವಳಿಗೆ ಹೇಗೆ ಮುಟ್ಟಿತೋ ಕಾಣೆ, ಕೇಂದ್ರ ಸರ್ಕಾರದ ಪರವಾನಗಿ ಸಿಕ್ಕವಳ ಹಾಗೆಯೇ ಓಡಾಡುತ್ತಾಳೆ. ಎತ್ತರ ಮೂರಡಿ ಆಸುಪಾಸು, ಕೊಡುವ ಹಾಲು ಹೆಚ್ಚೆಂದರೆ ಎರಡು ಮೂರು ಲೀಟರು, ಬುದ್ಧಿಗೆ ಮಾತ್ರ ಅಳತೆಯಿಲ್ಲ. ಎಚ್ಚೆಫ್ ದನ ಬೇಲಿ ಕಂಡರೆ ನಿಂತುಬಿಡುತ್ತದೆ. ಗಿಡ್ಡ ನಿಲ್ಲುವುದು ಯೋಚನೆ ಮಾಡಲಿಕ್ಕೆ. ನಮ್ಮ ಉಣುಗೋಲಿಗೆ ಮೂರು ಗಳ. ನಡುವಿನ ಗಳಕ್ಕೆ ಕೊಂಬು ಕೊಟ್ಟು, ಕತ್ತು ಓರೆ ಮಾಡಿ, ಒಂದು ಬದಿಗೆ ಮೆಲ್ಲಗೆ ಜರುಗಿಸುತ್ತಾಳೆ. ಗಳ ತೂತಿನಿಂದ ಜಾರಿ ಕೆಳಗೆ ಬಿದ್ದ ಮೇಲೂ ಗಡಿಬಿಡಿಯಿಲ್ಲ. ಹಿಂದೆ ತಿರುಗಿ ಕರುವಿನ ಮುಖ ನೋಡುತ್ತಾಳೆ: ಕಂಡೆಯಾ, ಹೀಗೆ. ಹಸು ಹೊಲದಲ್ಲಿ ಮೇಯ್ದರೆ ಕರು ಬದುವಿನಲ್ಲಿ ಮೇಯುತ್ತದೆಯೇ ಎಂದು ಹಿರಿಯರು ಕೇಳಿದ್ದು ಸರಿಯಾಗಿಯೇ ಇದೆ. ನಮ್ಮ ಬೆಂಡೆ ಸಾಲು ಮುಗಿಸಿದ್ದು ಆ ಕರುವೇ.

ಇದಕ್ಕೆ ಕಾನೂನು ಇಲ್ಲವೇ ಎಂದು ಪೇಟೆಯ ನೆಂಟರು ಕೇಳುತ್ತಾರೆ. ಇಲ್ಲದೆ ಏನು, ಬ್ರಿಟಿಷರು 1871ರಲ್ಲೇ ಜಾನುವಾರು ಅತಿಕ್ರಮದ ಕಾಯ್ದೆ ಮಾಡಿದ್ದರು. ಬೆಳೆ ಹಾಳು ಮಾಡಿದ ದನವನ್ನು ಹಿಡಿದು 24 ಗಂಟೆಯೊಳಗೆ ದೊಡ್ಡಿಗೆ ಮುಟ್ಟಿಸಬೇಕು, ಯಜಮಾನ ದಂಡ ಕಟ್ಟಿ ಬಿಡಿಸಿಕೊಂಡು ಹೋಗಬೇಕು. ದಂಡದ ಪಟ್ಟಿ ಓದುವುದೇ ಒಂದು ಸುಖ. ಹಸು, ಎತ್ತು, ಕುದುರೆಗೆ ನಾಲ್ಕಾಣೆ. ಎಮ್ಮೆಗೂ ಒಂಟೆಗೂ ಎಂಟಾಣೆ. ಕರು, ಕತ್ತೆ, ಹಂದಿಗೆ ಎರಡಾಣೆ. ಕುರಿ ಮೇಕೆಗೆ ಒಂದಾಣೆ. ಎಲ್ಲಕ್ಕಿಂತ ಮೇಲೆ, ಆನೆಗೆ ಎರಡು ರೂಪಾಯಿ! ಆ ಕಾಯ್ದೆಯ ಲೆಕ್ಕದಲ್ಲಿ ಆನೆಯೂ ಜಾನುವಾರು. ಗದ್ದೆಗೆ ನುಗ್ಗಿದ ಆನೆಯನ್ನು ಕೊರಳಹಗ್ಗ ಹಿಡಿದು ದೊಡ್ಡಿಗೆ ನಡೆಸಿಕೊಂಡು ಹೋದ ರೈತ ಯಾರೆಂದು ಬರೆದವರು ಹೇಳಿಲ್ಲ. ದೊಡ್ಡಿಯವನು ರಶೀದಿ ಬರೆಯುವಾಗ ಆನೆಯನ್ನು ಯಾವ ಗೂಟಕ್ಕೆ ಕಟ್ಟುತ್ತಿದ್ದನೋ! 1966ರಲ್ಲಿ ನಮ್ಮ ರಾಜ್ಯವೂ ಇಂಥದೇ ತನ್ನದೊಂದು ಕಾಯ್ದೆ ಮಾಡಿಕೊಂಡಿತು. ಆದರೆ ನಮ್ಮೂರಿನ ದೊಡ್ಡಿಯಲ್ಲಿ ಈಗ ದನಕ್ಕೆ ಜಾಗವಿಲ್ಲ, ನೀರಿನ ಪೈಪು ಮತ್ತು ಬ್ಲೀಚಿಂಗ್ ಪೌಡರಿನ ಚೀಲ ತುಂಬಿದೆ. ಜಾಗ ಇದ್ದರೂ ಅಷ್ಟೇ ಅನ್ನಿ. ಆಚೆಮನೆಯ ದನವನ್ನು ದೊಡ್ಡಿಗೆ ಹೊಡೆದವನು ಆಮೇಲೆ ಶ್ರಾದ್ಧಕ್ಕೆ ಬಡಿಸುವವರನ್ನೂ ಪೇಟೆಯಿಂದಲೇ ಕರೆಸಬೇಕು.

ಹಾಗೆಂದು ದೂರೇ ಹೇಳದೆ ಕೂರುವುದು ಸಾಧುಗಳಿಗೆ ಸರಿ, ಸಂಸಾರಿಗಳಿಗಲ್ಲ. ಅದಕ್ಕೊಂದು ಹದವಿದೆ. ಹಿತ್ತಲಿನಿಂದ ದನ ಅಟ್ಟುವಾಗ ‘ಹೋಯ್, ಯಾರ ದನವೋ ಇದು!’ ಎಂದು ಕೂಗಬೇಕು. ಆಚೆಮನೆಯ ಜಗಲಿಗೆ ಕೇಳುವಷ್ಟು ಜೋರಾಗಿ, ಆದರೆ ದನಕ್ಕೇ ಹೇಳಿದ ಹಾಗೆ. ‘ಗೌರೀ’ ಎಂದು ಹೆಸರು ಹಿಡಿದಿರೋ, ಅದು ಜಗಳಕ್ಕೆ ಕೊಟ್ಟ ವೀಳ್ಯ. ಕೋಲು ಕೈಯಲ್ಲಿರಬೇಕು, ಬೀಳಬೇಕಾದ್ದು ಪಕ್ಕದ ಬಾಳೆಗಿಡದ ಮೇಲೆ, ಶಬ್ದವಷ್ಟೇ ಮುಖ್ಯ. ಕಲ್ಲಂತೂ ಎಸೆಯಲೇಬಾರದು. ಆಮೇಲೆ ಯಾವ ಕಾರಣಕ್ಕೆ ದನ ಕುಂಟಿದರೂ ಅದು ನಮ್ಮ ಕಲ್ಲೇ.

ಹೊಸ ಹುಡುಗರು ಇದನ್ನೆಲ್ಲ ಊರಿನ ವಾಟ್ಸಾಪ್ ಗುಂಪಿಗೆ ತಂದಿದ್ದಾರೆ. ಗದ್ದೆಯಂಚಿನಲ್ಲಿ ನಿಂತ ಗೌರಿಯ ಫೋಟೊ ಹಾಕಿ ‘ಇದು ಯಾರ ದನ?’ ಎಂದು ಒಬ್ಬ ಕೇಳಿದ. ಆ ದನ ಯಾರದು, ಅದರ ತಾಯಿ ಯಾವ ಮನೆಯಿಂದ ಬಂದದ್ದು, ಹೋದ ವರ್ಷ ಎಷ್ಟನೇ ತಾರೀಖಿಗೆ ಕರು ಹಾಕಿತು ಎಂಬುದು ಗುಂಪಿನಲ್ಲಿದ್ದ ಎಲ್ಲರಿಗೂ ಗೊತ್ತು. ಆದರೂ ‘ನಮ್ಮದಲ್ಲ’, ‘ಕೆಳಗಿನ ಊರಿನದಿರಬೇಕು’ ಎಂದು ಉತ್ತರಗಳು ಬಂದವು. ‘ಛೇ, ಹೀಗೆಲ್ಲ ಬಿಡಬಾರದು’ ಎಂದು ಮೊದಲು ಬರೆದವರು ನಮ್ಮ ಭಾವ.

ಇನ್ನು ದೀಪಾವಳಿ ಗೋಪೂಜೆಯ ದಿನ. ಅಡಿಕೆ, ಚೆಂಡುಹೂವು, ಪಚ್ಚೆತೆನೆ ಪೋಣಿಸಿದ ಹಾರ ಕೊರಳಲ್ಲಿ, ಮೈತುಂಬ ಕೆಮ್ಮಣ್ಣು ಜೇಡಿಯ ಮುದ್ರೆ. ಆ ದಿನ ಅವಳು ನುಗ್ಗುವುದಿಲ್ಲ, ದಯಮಾಡಿಸುತ್ತಾಳೆ. ನಮ್ಮವಳೇ ಎದುರು ಹೋಗಿ ಕಡುಬು ತಿನ್ನಿಸಿ ಕಾಲಿಗೆ ನೀರು ಹಾಕುತ್ತಾಳೆ. ಮಾರನೇ ದಿನ ಅದೇ ಹೊತ್ತಿಗೆ ಅದೇ ದಾರಿಯಲ್ಲಿ ಬಂದವಳಿಗೆ ನಿನ್ನೆಗೂ ಇವತ್ತಿಗೂ ಏನು ವ್ಯತ್ಯಾಸ ಎಂದು ತಿಳಿಸಿ ಹೇಳುವವರು ಯಾರು?

ಗಿಣ್ಣಿನ ವಿಷಯ ಬೇರೆ. ಗೌರಿ ಕರು ಹಾಕಿದಾಗ ಆಚೆಮನೆ ಅಕ್ಕಯ್ಯ ಏಲಕ್ಕಿ ಬೆಲ್ಲ ಹಾಕಿದ ಗಿಣ್ಣನ್ನು ತಟ್ಟೆಯಲ್ಲಿ ಬಾಳೆಲೆ ಮುಚ್ಚಿ ತಂದುಕೊಟ್ಟರು. ಚಾಕುವಿನಲ್ಲಿ ಕೊಯ್ದರೆ ಅಂಚು ಒಡೆಯದೆ ಚೌಕಕ್ಕೆ ನಿಲ್ಲುವ ಗಿಣ್ಣು. ಅದನ್ನು ತಿಂದ ಬಾಯಲ್ಲಿ ಬೇಲಿಯ ಮಾತು ಹೊರಡುವುದು ಹೇಗೆ? ಒಳಗಿದ್ದದ್ದು ಪೂರಾ ನಮ್ಮ ಹರಿವೆ ಸೊಪ್ಪು ಎಂದು ಮಗ ಗೊಣಗಿದ. ಇನ್ನೊಂದು ತುಂಡು ಬಾಯಿಗಿಟ್ಟು ಅವನನ್ನು ಸುಮ್ಮನಾಗಿಸಿದೆವು.

ಆ ಮಗನೇ ಈ ವರ್ಷ ಹಟ ಹಿಡಿದು ಐಬೆಕ್ಸ್ ಬೇಲಿ ಹಾಕಿಸಿದ. ಸೋಲಾರ್ ಕರೆಂಟಿನದು. ಸೆಕೆಂಡಿಗೊಂದು ಸಲ ಟಿಕ್ ಎನ್ನುತ್ತದೆ, ಮುಟ್ಟಿದರೆ ಜೀವಕ್ಕೆ ಅಪಾಯವಿಲ್ಲ, ಮಾನಕ್ಕೆ ಉಂಟು. ಗೌರಿ ಮೊದಲ ದಿನ ಮೂಗು ತಾಗಿಸಿದಳು, ಬಾಲ ಎತ್ತಿಕೊಂಡು ಗುಡ್ಡ ಹತ್ತಿದಳು. ನಮ್ಮ ಮನೆಯಲ್ಲಿ ಸಂಭ್ರಮ. ಆದರೆ ಎರಡು ಮನೆಯ ನಡುವಿನ ಕಾಲುದಾರಿಯೂ ಅದೇ ಉಣುಗೋಲಿನ ಮೇಲೆಯೇ ಹೋಗುವುದಲ್ಲ! ಅಕ್ಕಯ್ಯ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದವರು ತಂತಿಯಾಚೆ ನಿಂತರು. ‘ನಮಗೂ ಕರೆಂಟ್ ಕೊಡ್ತೀರಾ?’ ಎಂದು ನಕ್ಕರು. ಆ ನಗೆ ಒಂದು ಚಪ್ಪರ ಬಸಳೆಗಿಂತ ದುಬಾರಿಯಾದದ್ದು ನಮ್ಮವಳಿಗೆ ತಕ್ಷಣ ಗೊತ್ತಾಯಿತು. ಅಂದಿನಿಂದ ಸಂಜೆ ಅಕ್ಕಯ್ಯ ಬರುವ ಹೊತ್ತಿಗೆ ಸ್ವಿಚ್ ಆಫ್.

ಟಿಕ್ ನಿಂತಿತೆಂದರೆ ಗೌರಿಗೆ ಗೊತ್ತು. ಅಕ್ಕಯ್ಯನ ಹಿಂದೆಯೇ ನಾಲ್ಕು ಮಾರು ದೂರದಲ್ಲಿ, ಅವರಿಗೂ ತನಗೂ ಸಂಬಂಧವಿಲ್ಲದವಳ ಹಾಗೆ ಹುಲ್ಲು ಮೂಸುತ್ತಾ ಬರುತ್ತಾಳೆ. ಹಾಗಾಗಿ ನಮ್ಮವಳು ಈಗ ಒಂದು ಕೈಯಲ್ಲಿ ಮಜ್ಜಿಗೆ ಗಿಂಡಿ, ಇನ್ನೊಂದರಲ್ಲಿ ಕೋಲು ಹಿಡಿದು ಸ್ವಾಗತಕ್ಕೆ ನಿಲ್ಲುತ್ತಾಳೆ.

‘ಕೋಲು ಎಂತಕ್ಕೆ ಮಾರಾಯ್ತಿ?’ ಎಂದು ಅಕ್ಕಯ್ಯ ಕೇಳಿದರು.

‘ಮಂಗನ ಕಾಟ ಅಕ್ಕಯ್ಯ, ಏನೂ ಉಳಿಸೂದಿಲ್ಲ.’

‘ಅಯ್ಯೋ, ಕೇಳಬೇಡ!’ ಎಂದು ಅಕ್ಕಯ್ಯ ಜಗಲಿಯ ಮೇಲೆ ಕೂತೇಬಿಟ್ಟರು. ಮಂಗಕ್ಕೆ ಯಜಮಾನರಿಲ್ಲ. ಇಬ್ಬರೂ ಮನಸಾರೆ ಬೈದರು, ಕತ್ತಲಾಗುವವರೆಗೆ.