ವೈನಿ ಆರಿಸಿದ ವೈನು

ಅಣ್ಣನ ಮಗಳ ಮದುವೆಯಲ್ಲಿ ಖರ್ಚಿನ ಪುಸ್ತಕ ಬರೆಯುವ ಕೆಲಸ ನನ್ನದಾಗಿತ್ತು. ಬೂಂದಿಯ ಕಡಲೆಹಿಟ್ಟಿಗೂ ಬಾಡಿಗೆ ಬಸ್ಸಿಗೂ ನಡುವೆ ಅದರಲ್ಲೊಂದು ಸಾಲಿದೆ: ‘ವೈನಿಗೆ – 15,600.’ ಎಲ್ಲ ಮುಗಿದು ವಾರದ ಮೇಲೆ ಲೆಕ್ಕ ನೋಡುತ್ತ ಕುಳಿತ ಅಣ್ಣ ಕನ್ನಡಕ ಹಣೆಗೇರಿಸಿ, “ನಿಮ್ಮ ವೈನಿಗೆ ಇಷ್ಟ ರೊಕ್ಕ ಯಾವಾಗ ಕೊಟ್ಟಿ? ಆಕಿ ನನಗ ಹೇಳೇ ಇಲ್ಲಲ್ಲ!” ಎಂದ. ಅಡುಗೆಮನೆಯಿಂದ ವೈನಿ, “ನನಗ್ಯಾರೂ ಒಂದ್ ಪೈಸಾ ಕೊಟ್ಟಿಲ್ಲ!” ಎಂದು ಕೂಗಿದರು.

ತಪ್ಪು ವ್ಯಾಕರಣದ್ದು. ನಮ್ಮ ಜಮಖಂಡಿ ಕಡೆ ಅಣ್ಣನ ಹೆಂಡತಿಗೆ ವೈನಿ ಅನ್ನುತ್ತೇವೆ. ವೈನಿ, ವೈನು ಎರಡೂ ಚತುರ್ಥಿ ವಿಭಕ್ತಿಯಲ್ಲಿ ಒಂದೇ ಆಗಿಬಿಡುತ್ತವೆಂದು ಯಾವ ಮಾಸ್ತರರೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡುವ ಪ್ರಸಂಗವೂ ಬಂದಿರಲಿಕ್ಕಿಲ್ಲ. ಇಷ್ಟು ವರ್ಷ ನಮ್ಮ ಮನೆಯಲ್ಲಿ ಇದ್ದದ್ದು ವೈನಿ ಮಾತ್ರ.

ಹುಡುಗಿ ಬೆಂಗಳೂರಿನಲ್ಲಿ ಕಂಪನಿಯ ಕೆಲಸದಲ್ಲಿದ್ದವಳು. ಅಲ್ಲೇ ಮಂಗಳೂರಿನ ಕ್ರೈಸ್ತ ಹುಡುಗನನ್ನು ಮೆಚ್ಚಿದಳು. ಮನೆಯಲ್ಲಿ ಆರು ತಿಂಗಳು ಮೋಡ ಕವಿದು, ಗುಡುಗಿ, ಮಳೆ ಸುರಿದು, ಕೊನೆಗೆ ಬಿಸಿಲು ಬಿತ್ತು. ಜಮಖಂಡಿಯಲ್ಲಿ ಅಕ್ಕಿಕಾಳು, ಮಂಗಳೂರಿನಲ್ಲಿ ರಿಸೆಪ್ಷನ್ ಎಂದು ಗೊತ್ತಾಯಿತು. ಬೀಗರು ಬಂಗಾರದಂಥ ಮನುಷ್ಯರು, ಕೊಡುವುದು ತೆಗೆದುಕೊಳ್ಳುವುದರ ಸುದ್ದಿಯನ್ನೇ ಎತ್ತಲಿಲ್ಲ. ಒಂದು ಸಂಜೆ ಫೋನಿನಲ್ಲಿ ಮಾತ್ರ, “ಟೋಸ್ಟಿಗೆ ವೈನ್ ನಿಮ್ಮ ಕಡೆಯಿಂದ ಬರಲಿ ಮಾರಾಯ್ರೆ. ನಿಮ್ಮ ತಮ್ಮ ದ್ರಾಕ್ಷಿ ಬೆಳೆಯುವವರಲ್ವಾ, ಅವರೇ ಆರಿಸಲಿ. ನಮಗೂ ಹೆಮ್ಮೆ” ಎಂದರು.

ಸ್ಪೀಕರಿನಲ್ಲಿ ಕೇಳಿಸಿಕೊಂಡ ಅವ್ವನಿಗೆ ಸಮಾಧಾನವಾಯಿತು. “ಟೋಸ್ಟ ಏನ್ ಮಹಾ? ಬೇಕರಿಯಿಂದ ನಾಕ್ ಪುಡಕಿ ಒಯ್ದರಾತು. ಚಾದಾಗ ಅದ್ದಿ ತಿಂತಾರ” ಎಂದಳು. ಟೋಸ್ಟ್ ಅಂದರೆ ಮದುಮಕ್ಕಳ ಹೆಸರು ಹೇಳಿ, ಹಾಡಿ ಹಾರೈಸಿ, ಎಲ್ಲರೂ ಗ್ಲಾಸು ಎತ್ತಿ ವೈನು ಕುಡಿಯುವುದು, ಅದಕ್ಕೆಂದೇ ಮಾತುಗಾರರೊಬ್ಬರನ್ನು ಮೊದಲೇ ಗೊತ್ತು ಮಾಡಿರುತ್ತಾರೆ ಎಂದು ಹುಡುಗಿ ಬಿಡಿಸಿ ಹೇಳಿದಾಗ ಅವ್ವ ಎದ್ದು ಒಳಗೆ ಹೋದಳು. ಹೋದವಳು ಕಪಾಟು ತೆಗೆದು ನಲವತ್ತು ವರ್ಷಗಳಿಂದ ತಪ್ಪದ ತನ್ನ ಎರಡು ಚಮಚೆ ದ್ರಾಕ್ಷಾಸವ ತೆಗೆದುಕೊಂಡು ಮಲಗಿದಳು. ಆ ಬಾಟಲಿಯ ಚೀಟಿಯ ಮೇಲೆ ಇರುವೆಯಂಥ ಅಕ್ಷರದಲ್ಲಿ, ತಾನೇ ಹುಟ್ಟಿದ ಮದ್ಯಸಾರ ಶೇಕಡಾ 5ರಿಂದ 10 ಎಂದು ಅಚ್ಚಾಗಿರುತ್ತದೆ. ನಾನು ಇಷ್ಟು ವರ್ಷ ಓದಿ ಸುಮ್ಮನಿದ್ದೇನೆ. ನೀವೂ ಸುಮ್ಮನಿರಿ.

ದ್ರಾಕ್ಷಿಯವನು ಎಂಬುದೇನೋ ಖರೆ. 1989ರಲ್ಲಿ ರೈತರೇ ರೊಕ್ಕ ಹಾಕಿ, ಮೈಮುರಿದು ದುಡಿದು, ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಅಡ್ಡ ಬ್ಯಾರೇಜು ಕಟ್ಟಿದ ಮೇಲೆ ನಮ್ಮ ಭಾಗದ ಹೊಲಗಳ ಮುಖವೇ ಬದಲಾಯಿತು. ನನ್ನ ನಾಲ್ಕು ಎಕರೆಯಲ್ಲಿ ಎರಡು ಕಬ್ಬು, ಎರಡು ಥಾಮ್ಸನ್ ದ್ರಾಕ್ಷಿ. ಬಳ್ಳಿ ಸವರುವ ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ, ಡೌನಿ ರೋಗ, ಬೆಳಗಿನ ಜಾವದ ಮಂಜು ಇವುಗಳ ಮೇಲೆ ನನ್ನನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಒಂದು ತಾಸು ಮಾತಾಡಬಲ್ಲೆ. ಆದರೆ ನಮ್ಮ ದ್ರಾಕ್ಷಿ ಹೋಗುವ ದಾರಿ ಬೇರೆ. ಗೊನೆ ಕೊಯ್ದು, ಡಿಪ್ಪಿಂಗ್ ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ, ಶೆಡ್ಡಿನ ಬಲೆಗಳ ಮೇಲೆ ಹರವಿದರೆ ನಾಲ್ಕು ಕಿಲೋಕ್ಕೆ ಒಂದು ಕಿಲೋ ಒಣದ್ರಾಕ್ಷಿ. ಅಲ್ಲಿಂದ ತಾಸಗಾವದ ಪೇಟೆ, ಅಲ್ಲಿಂದ ಯಾರದೋ ಪಾಯಸ. ವೈನಿನ ದ್ರಾಕ್ಷಿಯೋ ಸಣ್ಣದು, ದಪ್ಪ ಸಿಪ್ಪೆ, ಒಳಗೆ ಬೀಜ. ನಮ್ಮ ಪೇಟೆಯಲ್ಲಿಟ್ಟರೆ ಚೌಕಾಶಿಗೂ ಯಾರೂ ನಿಲ್ಲಲಾರರು. ಎಮ್ಮೆ ಸಾಕಿದವನನ್ನು ಕರೆದು ಪೇಢೆ ಮಾಡು ಅಂದಂಗಾಯಿತು ನನ್ನ ಪಾಡು.

ಮೊದಲು ಊರಲ್ಲೇ ನೋಡೋಣವೆಂದು ಹೊರಟೆ. ಜಮಖಂಡಿಯಲ್ಲಿ ‘ವೈನ್ಸ್’ ಎಂಬ ಬೋರ್ಡಿಗೆ ಬರವಿಲ್ಲ. ಕತ್ತಲಾಗುವವರೆಗೆ ಕಾದು, ಟವೆಲ್ಲನ್ನು ಮುಖಕ್ಕೆ ಸುತ್ತಿಕೊಂಡು ಒಂದರ ಮುಂದೆ ನಿಂತೆ. ಗಲ್ಲೆಯ ಹುಡುಗ ನೋಡಿದವನೇ, “ಕಾಕಾರ, ನೀವ್ಯಾಕ ಇಲ್ಲಿ? ಆರಾಮ ಇಲ್ಲೇನ್ರಿ?” ಎಂದು ಇಡೀ ಓಣಿಗೆ ಕೇಳುವಂತೆ ವಿಚಾರಿಸಿದ. ವೈನು ಬೇಕೆಂದೆ.

“ವೈನ್ ಇಲ್ರಿ.”

“ಮತ್ತ ಬೋರ್ಡ್?”

“ಅದು ಅಂಗಡಿ ಹೆಸರ್ರಿ.”

ಕೊನೆಗೆ ಮೂಲೆಯಿಂದ ಒಂದನ್ನು ಹುಡುಕಿ ತಂದು, ಅಂಗಿಯ ತೋಳಿನಿಂದ ಧೂಳು ಒರೆಸಿ ಇಟ್ಟ. ಸಿಹಿ ವೈನು, ಅವನು ಕೆಲಸಕ್ಕೆ ಸೇರುವ ಮೊದಲಿನಿಂದಲೂ ಇದೆಯಂತೆ. ನಮ್ಮ ರಾಜ್ಯದಲ್ಲಿ ಸಾರಾಯಿ ನಿಂತದ್ದು 2007ರ ಜುಲೈ 1ರಿಂದ. ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದದ್ದೂ ಅದೇ ವರ್ಷ. ಸಾರಾಯಿ ಬಿಟ್ಟವರು ಸಾಲುಗಟ್ಟಿ ವೈನಿಗೆ ಬರುತ್ತಾರೆಂದು ಯಾರಾದರೂ ಎಣಿಸಿದ್ದರೆ ಅವರು ನಮ್ಮ ಗಲ್ಲೆಯ ಹುಡುಗನನ್ನು ಒಮ್ಮೆ ಕಾಣಬೇಕು.

ಮುಧೋಳದಲ್ಲಿ ನನ್ನ ಹೆಂಡತಿಯ ತಮ್ಮ ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿದ್ದಾನೆ. ಈ ವಿಷಯ ಬಲ್ಲವನೆಂದು ಅವನನ್ನು ಕೇಳಿದೆ. “ನಮ್ಮಲ್ಲಿ ಆಗೂದು ಇಥನಾಲ್ ಮಾಮಾ. ಶೇಕಡಾ 99ರ ಮ್ಯಾಲೆ. ಅದನ್ನ ಎತ್ತಿದ್ರ ಟೋಸ್ಟ್ ಅಲ್ಲ, ಎತ್ತಿದವರನ್ನ ಎತ್ತಬೇಕಾಗ್ತದ” ಎಂದ. ವಿಚಾರ ಮಾಡಿದರೆ ಸೋಜಿಗವೇ. ನಮ್ಮ ಕಬ್ಬಿನ ಕಾಕಂಬಿಯಿಂದ ಇಳಿದದ್ದು ಶೇಕಡಾ 20ರಂತೆ ಪೆಟ್ರೋಲಿಗೆ ಬೆರೆತು ನನ್ನ ಬೈಕಿನ ಹೊಟ್ಟೆ ಸೇರುತ್ತದೆ. ಬೈಕು ದಿನಾ ಕುಡಿಯುತ್ತದೆ, ಅವ್ವ ದಿನಾ ಎರಡು ಚಮಚೆ ಕುಡಿಯುತ್ತಾಳೆ, ಮನೆಗೆ ಮಾತ್ರ ಕುಡಿಯದವರ ಮನೆಯೆಂದು ಹೆಸರು.

ರಿಸೆಪ್ಷನ್ನಿಗೆ ಎರಡು ದಿನ ಮೊದಲೇ ಅಣ್ಣ, ವೈನಿ, ನಾನು ಮಂಗಳೂರು ಸೇರಿದೆವು. ಫೆಬ್ರುವರಿ ಮೊದಲ ವಾರ, ತೋಟದಲ್ಲಿ ಹಣ್ಣಿಗೆ ಸಿಹಿ ಇಳಿಯುವ ಹೊತ್ತು. ಜೀವವೆಲ್ಲ ಅಲ್ಲೇ ಇತ್ತು. ಅಂಗಿಯ ಜೇಬಿನಲ್ಲಿ ಸಿಹಿ ಅಳೆಯುವ ಬ್ರಿಕ್ಸ್ ಮೀಟರೂ ಹಾಗೇ ಬಂದುಬಿಟ್ಟಿತ್ತು. ಹುಡುಗಿ ಫೋನಿನಲ್ಲಿ, “ಕಾಕಾ, ಭಾಳ ಸಿಹಿ ಬ್ಯಾಡ, ಭಾಳ ತುಟ್ಟಿ ಬ್ಯಾಡ, ಅಗ್ಗಾದ್ದ ಅಂತ ಕಾಣಲೂಬಾರದು” ಎಂದಿದ್ದಳು. ಇಂಥವೇ ಮೂರು ಷರತ್ತು ಹಾಕಿ ಗಂಡು ಹುಡುಕಿದ್ದರೆ ಅವಳ ಮದುವೆ ಇಷ್ಟು ಬೇಗ ಆಗುತ್ತಿರಲಿಲ್ಲ.

ಅಂಗಡಿ ಆಸ್ಪತ್ರೆಯ ಹಾಗೆ ತಣ್ಣಗಿತ್ತು. ಗೋಡೆಯ ತುಂಬ ಬಾಟಲಿ. ಟೈ ಕಟ್ಟಿದ ತರುಣನೊಬ್ಬ ಬಂದು ಒಂದೊಂದನ್ನೇ ಕೂಸಿನಂತೆ ಎತ್ತಿ ತೋರಿಸತೊಡಗಿದ. ಇದು ಡ್ರೈ ಎಂದ. ಬಾಟಲಿ ಅಲುಗಿಸಿದರೆ ಒಳಗೆ ಕುಲುಕುಲು ನೀರಾಡುತ್ತಿತ್ತು. ಸಿಹಿ ಉಳಿಯದ್ದನ್ನು ಡ್ರೈ ಅನ್ನುತ್ತಾರಂತೆ. ಇದರಲ್ಲಿ ಟ್ಯಾನಿನ್ ಜಾಸ್ತಿ, ನಾಲಿಗೆ ಹಿಡಿಯುತ್ತದೆ ಎಂದ. ಒಗರು ಅನ್ನಪ್ಪಾ, ಹಸಿ ಅಡಿಕೆಯ ಒಗರು, ಎಂದೆ. ಅವನಿಗೆ ಈ ಶಬ್ದ ಬಲು ಹಿಡಿಸಿತು. ಮುಂದೆ ಬಂದ ಗಿರಾಕಿಗೂ ಅದನ್ನೇ ಹೇಳಿದ.

ಮೇಲಿನ ಹಲಗೆಯಿಂದ ಬಲು ಜೋಪಾನವಾಗಿ ಒಂದು ಬಾಟಲಿ ಇಳಿಸಿ, “ಇದು ಬೋರ್ಡೋ ಸರ್” ಎಂದಾಗ ಮಾತ್ರ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಬೋರ್ಡೋ ನನಗೆ ಗೊತ್ತಿಲ್ಲವೇ? ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಕುಡಗೋಲು ಅದ್ದಿ ತೆಗೆದರೆ ಕೆಂಪು ಹತ್ತಬಾರದು, ಹತ್ತಿದರೆ ಇನ್ನಷ್ಟು ಸುಣ್ಣ. ಚಾಟ್ನಿಯ ಬೆನ್ನಿಗೇ ಹೊಡೆಯುತ್ತೇವೆ, ಇಡೀ ತೋಟ ನೀಲಿಯಾಗುತ್ತದೆ. ನಮ್ಮ ಮೇಲಿನ ಮನೆಯವರ ಆಕಳು ಒಮ್ಮೆ ಆ ಬಕೀಟಿಗೆ ಬಾಯಿ ಹಾಕಿ ಪಶುವೈದ್ಯರು ಓಡಿಬಂದದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಅದನ್ನು ಬಾಟಲಿಗೆ ತುಂಬಿ, 3,000 ರೂಪಾಯಿಯ ಚೀಟಿ ಹಚ್ಚಿ, ಮದುವೆಗೆ ಒಯ್ಯಿರಿ ಅಂದರೆ?

ಫ್ರಾನ್ಸಿನ ಬೋರ್ಡೋ ಊರಿನದು ಎಂದು ತರುಣ ಹೇಳಿದ. ವೈನು, ಮದ್ದು ಎರಡೂ ಒಂದೇ ಊರಿನವೇ. ಆ ಸೀಮೆಯ ರೈತರು, ದಾರಿಹೋಕರು ಹಣ್ಣು ಕದಿಯಬಾರದೆಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ ಸುಣ್ಣ ಚಿಮುಕಿಸುತ್ತಿದ್ದರು. ಡೌನಿ ರೋಗಕ್ಕೆ ಊರೆಲ್ಲ ಎಲೆ ಉದುರಿದಾಗ ಈ ಬಳ್ಳಿಗಳು ಮಾತ್ರ ಹಸಿರಾಗಿ ನಿಂತಿದ್ದನ್ನು ಕಂಡವರು ಅಲ್ಲಿನ ಪ್ರೊಫೆಸರ್ ಮಿಲಾರ್ಡೆ. ಅದರಿಂದಲೇ 1885ರಲ್ಲಿ ಮದ್ದು ಗೊತ್ತಾಯಿತು. ಕೃಷಿ ಮೇಳದಲ್ಲಿ ಕೇಳಿದ್ದ ಕತೆಯನ್ನು ತರುಣನಿಗೆ ಹೇಳಿದೆ. ಕಳ್ಳರಿಗೆಂದು ಹೊಡೆದದ್ದು ಬಳ್ಳಿಯನ್ನು ಉಳಿಸಿತು. ಅವರ ವೈನು ನಮ್ಮೂರಿಗೆ ಬರಲಿಲ್ಲ, ಮದ್ದು ಮಾತ್ರ ಬಂತು. ತರುಣ ಬಾಟಲಿಯನ್ನು ಮೆಲ್ಲಗೆ ಮೇಲಕ್ಕೆ ಏರಿಸಿದ.

ವೈನಿ ಇದಾವುದನ್ನೂ ಕೇಳುತ್ತಿರಲಿಲ್ಲ. ಅವರ ತವರು ಬನಹಟ್ಟಿ, ನೇಕಾರರ ಮನೆ. ಯಾವ ಸೀರೆಯನ್ನೂ ಅಂಚನ್ನು ಎರಡು ಬೆರಳಿನಲ್ಲಿ ಹೊಸಕಿ ನೋಡದೆ ಒಪ್ಪಿದವರಲ್ಲ. ಈಗ ಬಾಟಲಿಗಳ ಕುತ್ತಿಗೆಯ ಮೇಲೆ ಹಾಗೇ ಬೆರಳಾಡಿಸುತ್ತಿದ್ದರು. ಕೆಲವನ್ನು ಎತ್ತಿ ತೂಗುತ್ತಿದ್ದರು, ಕೆಲವುಗಳ ತಳ ತಿರುವಿ ನೋಡುತ್ತಿದ್ದರು.

ಬೆಲೆ ಕೈಗೆಟಕುವಂಥ ಎರಡು ಬಾಟಲಿಗಳನ್ನು, ಒಂದು ಬೂಚಿನದು, ಇನ್ನೊಂದು ತಿರುಪು ಮುಚ್ಚಳದ್ದು, ಪರೀಕ್ಷೆಗೆಂದು ಲಾಡ್ಜಿಗೆ ತಂದೆವು. ಬೂಚು ತೆಗೆಯಲು ತಿರುಗಣಿ ಬೇಕೆಂಬುದು ತಂದ ಮೇಲೆ ಹೊಳೆಯಿತು. ಅಣ್ಣ ಕೀಲಿಕೈಯಿಂದ ಕೆದರಿದ, ನಾನು ಚಮಚೆಯ ಹಿಡಿಕೆಯಿಂದ ಒತ್ತಿದೆ. ಬೂಚು ಪುಸಕ್ಕನೆ ಒಳಗೆ ಬಿತ್ತು. ಒಳಗಿದ್ದದ್ದು ಚಿಲ್ಲನೆ ಹೊರಗೆ ಬಂದು ಅಣ್ಣನ ಬಿಳಿ ಧೋತರದ ಮೇಲೆ ಕೂತಿತು. ನಾಡಿದ್ದಿಗೆಂದು ಇಸ್ತ್ರಿ ಮಾಡಿಸಿ ತಂದ ಧೋತರ. ಅದನ್ನು ಈಗಲೇ ಯಾಕೆ ಉಟ್ಟಿದ್ದನೋ, ಆ ಮಾತು ಬೇಡ.

ಇನ್ನು ರುಚಿ ನೋಡುವವರು ಯಾರು? ಅಣ್ಣ ನನ್ನ ಮುಖ ನೋಡಿದ, ನಾನು ಅಣ್ಣನ ಮುಖ ನೋಡಿದೆ. ಕೊನೆಗೆ ಜೇಬಿನಿಂದ ಬ್ರಿಕ್ಸ್ ಮೀಟರ್ ತೆಗೆದೆ. ಗಾಜಿನ ಮೇಲೆ ಒಂದು ಹನಿ ಬಿಟ್ಟು, ಮುಚ್ಚಿ, ಕಿಟಕಿಯ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿದೆ. ನೀಲಿ ಗೆರೆ ಏಳರ ಹತ್ತಿರ ನಿಂತಿತು. ಇನ್ನೊಂದನ್ನು ನೋಡಿದೆ, ಅದೂ ಏಳು. ನಮ್ಮಲ್ಲಿ ಏಳು ಬ್ರಿಕ್ಸ್ ಅಂದರೆ ಬರೀ ಹುಳಿಕಾಯಿ, ಕಾಗೆಯೂ ಮುಟ್ಟದು. ವೈನಿನ ಹಣ್ಣನ್ನು 22-24ಕ್ಕೆ ಕೊಯ್ಯುತ್ತಾರೆ. ಆ ಸಕ್ಕರೆಯೆಲ್ಲ ಹುಳಿಯುವಾಗ ಕರಗಿ ಶೇಕಡಾ 12-13 ಮದ್ಯಸಾರವಾಗುತ್ತದೆ. ಮಾಪಕಕ್ಕೆ ಆಮೇಲೆ ಕಾಣುವುದು ಮದ್ಯಸಾರದ ಭ್ರಮೆಯೇ ಹೆಚ್ಚು. ಅಂತೂ ನನ್ನ ಮೀಟರು ಮೊದಲ ಸಲ ಕುಡಿಯಿತು, ಕುಡಿದವರಂತೆಯೇ ಸುಳ್ಳು ಹೇಳಿತು.

“ತಿರುವು ಮುಚ್ಚಳದ್ದ ಇರಲಿ,” ಎಂದರು ವೈನಿ. ಯಾಕೆ ಎಂದು ಕೇಳುವ ಹುರುಪು ನಮ್ಮಿಬ್ಬರಿಗೂ ಉಳಿದಿರಲಿಲ್ಲ.

ಅಂಗಡಿಯ ತರುಣ ಅವರ ಆಯ್ಕೆಗೆ ತಲೆದೂಗಿದ. ದೊಡ್ಡ ಸಮಾರಂಭಕ್ಕೆ ತಿರುಪು ಮುಚ್ಚಳವೇ ಸರಿಯಂತೆ. ಬಡಿಸುವ ಹುಡುಗರು ಬೂಚಿನೊಡನೆ ಗುದ್ದಾಡುವುದು ತಪ್ಪುತ್ತದೆ, ಬೂಚು ಕೆಟ್ಟು ವಾಸನೆ ಹಿಡಿಯುವ ಭಯವಿಲ್ಲ, ಈಗ ಕುಡಿಯುವ ವೈನಿಗೆ ಬೂಚಿನ ಖರ್ಚು ದಂಡ. “ಮೇಡಮಿಗೆ ಗೊತ್ತುಂಟು” ಎಂದ. ವೈನಿ ನಾಚಿ ಸೆರಗು ಸರಿಮಾಡಿಕೊಂಡರು. ಕುಡಿಯುವವರು 180 ಮಂದಿ, ತಲೆಗೆ 75 ಮಿಲಿ, 750ರ ಬಾಟಲಿಯಲ್ಲಿ ಹತ್ತು ಜನ, 18 ಬಾಟಲಿ ಸಾಕು ಎಂದು ಅವನೇ ಲೆಕ್ಕ ಹಾಕಿದ. ತಲೆಗೆ 75 ಮಿಲಿ ಎಂದು ಅಳೆದು ಬಡಿಸುವ ಮದುವೆಯನ್ನು ಅಣ್ಣ ಕಂಡವನಲ್ಲ. ಗೋಧಿ ಹುಗ್ಗಿಯ ಮೇಲೆ ತುಪ್ಪ ಸುರಿಯುವಾಗ ಉಂಡವನು ಎರಡೂ ಕೈ ಅಡ್ಡ ಹಿಡಿಯುವವರೆಗೆ ನಿಲ್ಲಿಸಬಾರದು ಎಂಬ ಸೀಮೆಯವನು. ಅವನು ಬಾಯಿ ತೆರೆಯುವ ಮೊದಲೇ ವೈನಿ, “ಎರಡ್ ಡಜನ್ ಇರ್ಲಿ” ಎಂದರು. ಒಂದಕ್ಕೆ 650ರಂತೆ 15,600. ಸಮಾರಂಭಕ್ಕೆ ಬೇಕಾದ ಸಿಎಲ್-5 ಸನ್ನದನ್ನು ಸಭಾಂಗಣದವರು ಮೊದಲೇ ಮಾಡಿಸಿದ್ದರು.

ಟೋಸ್ಟು ಚೆಂದಾಗಿ ಆಯಿತು. ಕೊಂಕಣಿಯಲ್ಲಿ ಹಾಡಿದರು, ನಡುನಡುವೆ ಎಲ್ಲರೂ ಕೂಗಿದರು. ಬಸ್ಸು ಮಾಡಿ ಬಂದಿದ್ದ ನಮ್ಮ ಬೀಳಗಿ, ರಬಕವಿ ಮಂದಿ ಪುನರ್ಪುಳಿ ಶರಬತ್ತಿನ ಗ್ಲಾಸನ್ನೇ ಎಲ್ಲರಿಗಿಂತ ಎತ್ತರ ಹಿಡಿದರು. ಬೀಗರು ಒಂದು ಗುಟುಕು ಬಾಯಲ್ಲಿ ತಿರುವಿ, ನನ್ನ ಬೆನ್ನು ತಟ್ಟಿ, “ಒಳ್ಳೆ ಆಯ್ಕೆ ಮಾರಾಯ್ರೆ. ದ್ರಾಕ್ಷಿಯವರು ಅಂದ್ರೆ ಸುಮ್ನೆ ಅಲ್ಲ” ಎಂದರು. ನಾನು ದೊಡ್ಡಸ್ತಿಕೆಯಿಂದ ತಲೆಯಾಡಿಸಿದೆ. ವೈನಿ ಅಲ್ಲಿರಲಿಲ್ಲ. ಹಿಂದುಗಡೆ ಬಡಿಸುವ ಹುಡುಗರ ಹತ್ತಿರ ಏನೋ ಮಾತಾಡುತ್ತ ನಿಂತಿದ್ದರು.

ಏನೆಂದು ತಿಳಿದದ್ದು ರಾತ್ರಿ ಅರಬೈಲ ಘಾಟಿನಲ್ಲಿ. ಪ್ರತಿ ತಿರುವಿಗೂ ಬಸ್ಸಿನ ಹಿಂದಿನ ಸೀಟಿನ ಕೆಳಗೆ ಗಿಣಿಗಿಣಿ ಸದ್ದು. ಬೀಳಗಿಯ ಹಿರಿಯರೊಬ್ಬರು ಎದ್ದು ಕೂತು, “ಯಾರ ಚೀಲದಾಗ ಏನ್ ಐತೋ ಖರೇ ಹೇಳ್ರಿ” ಎಂದರು. ಯಾರೂ ಉಸಿರೆತ್ತಲಿಲ್ಲ. ವೈನಿ ಕಣ್ಣು ಮುಚ್ಚಿ ಗಾಢ ನಿದ್ದೆಯಲ್ಲಿದ್ದಂತೆ ಕಂಡರು.

ಈಗ ಅವರ ಅಡುಗೆಮನೆಯ ಮಾಡದಲ್ಲಿ ಇಪ್ಪತ್ತು ಬಾಟಲಿ ಸಾಲಾಗಿ ನಿಂತಿವೆ. ಬಿಸಿನೀರಲ್ಲಿ ನೆನೆಸಿದರೂ ಚೀಟಿ ಪೂರಾ ಬಿಟ್ಟಿಲ್ಲ, ಅರ್ಧ ದ್ರಾಕ್ಷಿಗೊನೆ, ಅರ್ಧ ಇಂಗ್ಲಿಷು ಹಾಗೇ ಉಳಿದಿದೆ. ಒಳಗೆ ಗಾಣದ ಕುಸುಬಿ ಎಣ್ಣೆ, ಶೇಂಗಾ ಎಣ್ಣೆ. ದಪ್ಪ ಗಾಜು, ಬಿಸಿಲು ತಾಗದ ಬಣ್ಣ, ಹನಿ ಸೋರದ ಕುತ್ತಿಗೆ, ಗಟ್ಟಿ ತಿರುಪು ಮುಚ್ಚಳ. ಮೊನ್ನೆ ಸೋಮವಾರ ಪ್ರಸಾದಕ್ಕೆ ಬಂದ ಮಠದ ಅಯ್ಯನವರು ಕೈ ತೊಳೆಯಲು ಒಳಗೆ ಹೋದವರು ಮಾಡದ ಮುಂದೆ ಹಾಗೇ ನಿಂತುಬಿಟ್ಟರು. ಒಂದರಿಂದ ಇಪ್ಪತ್ತರವರೆಗೆ ಅವರ ಕಣ್ಣು ಸಾಗಿದ್ದನ್ನು ನಾನು ನೋಡಿದೆ.

“ಏನವ್ವಾ ಇದು?”

ವೈನಿ ರೊಟ್ಟಿ ಬಡಿಯುತ್ತಲೇ, “ಎಣ್ಣಿ ಐತ್ರಿ ಅಜ್ಜಾರ” ಎಂದರು. “ಬೇಕಾದ್ರ ಒಂದ್ ಬಾಟ್ಲಿ ಒಯ್ರಿ. ಇನ್ನ ಭಾಳ ಅದಾವ.”