ಮೇವಿಲ್ಲದ ಮಾನ

ಬೊಮ್ಮನಹಳ್ಳಿಯ ದರ್ಶಿನಿಯಲ್ಲಿ ಬೈಟೂ ಕಾಫಿ ಹಿಡಿದು ಯುದ್ಧ ಸಾರುವುದಕ್ಕೆ ಖರ್ಚಿಲ್ಲ. "ದೇಶದ ಮಾನದ ಪ್ರಶ್ನೆ, ಯುದ್ಧ ಆಗ್ಲೇಬೇಕು!" ಎನ್ನುತ್ತಾರೆ ಮೇಷ್ಟ್ರು. ಲಾರಿ ಮಾಲೀಕ ಗೌಡ್ರು ಕೇಳುವುದು ಒಂದೇ: "ಆಗ್ಲಿ ಮೇಷ್ಟ್ರೇ, ಬಾಡಿಗೆ ಯಾರು ಕೊಡ್ತಾರೆ?"

ಗೌಡ್ರ ಪ್ರಶ್ನೆಯೇ ಸರಿ, ಇತಿಹಾಸವೇ ಸಾಕ್ಷಿ. 1789ರಲ್ಲಿ ಮೈಸೂರಿನ ಟಿಪ್ಪು ತಿರುವಾಂಕೂರಿನ ಮೇಲೆ ಬಿದ್ದ. ಮಿತ್ರನ ರಕ್ಷಣೆಗೆಂದು ಈಸ್ಟ್ ಇಂಡಿಯಾ ಕಂಪನಿ ಹೊರಟಿತು. 1791ರ ಮಾರ್ಚಿನಲ್ಲಿ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆ ಹಿಡಿದ, ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಳಿ ಅರಕೆರೆಯಲ್ಲೂ ಗೆದ್ದ. ಗೆದ್ದವನು ಮಾಡಿದ್ದೇನು? ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆಸಿ ಹಿಂದಿರುಗಿದ. ಎಳೆಯಬೇಕಾದ ಎತ್ತುಗಳು ಮೇವಿಲ್ಲದೆ ಸತ್ತಿದ್ದವು. ದಾರಿಯಲ್ಲಿ ಮರಾಠರು ಸಿಕ್ಕರು. ಮಿತ್ರರೇನೋ ಹೌದು, ಆದರೆ ಅವರ ದಂಡಿನ ಬಜಾರಿನಲ್ಲಿ ಧಾನ್ಯಕ್ಕೆ ಹೇಳಿದ್ದೇ ಬೆಲೆ. (ಮೈತ್ರಿ ಮೈತ್ರಿಯೇ, ವ್ಯಾಪಾರ ವ್ಯಾಪಾರವೇ.) ಬಂಜಾರರ ಎತ್ತಿನ ಹಿಂಡುಗಳು ಧಾನ್ಯ ಹೊತ್ತು ತಂದ ಮೇಲೆಯೇ ಯುದ್ಧಕ್ಕೆ ಮತ್ತೆ ಜೀವ ಬಂದದ್ದು.

"ಹಾಗಾದ್ರೆ ಶೌರ್ಯಕ್ಕೆ ಬೆಲೆ ಇಲ್ವೇನ್ರಿ?" ಇದೆ; ಸಿಪಾಯಿ ಬಡಿದಾಡದೆ ಕೋಟೆ ಬೀಳದು. ಆದರೆ ಶೌರ್ಯ ಎರಡೂ ಕಡೆ ಇತ್ತು, ಮೇವು ಇರಲಿಲ್ಲ. "ನ್ಯಾಯ?" ಅದರ ಲೆಕ್ಕ ಯುದ್ಧ ಮುಗಿಸಿದ 1792ರ ಒಪ್ಪಂದದಲ್ಲಿದೆ: ತಿರುವಾಂಕೂರನ್ನು ಕಾಪಾಡಲು ಬಂದವರು ಮೈಸೂರಿನ ಅರ್ಧ ರಾಜ್ಯ ಹಂಚಿಕೊಂಡರು, ಮೇಲೆ 3 ಕೋಟಿ 30 ಲಕ್ಷ ರೂಪಾಯಿ, ಅಡಮಾನಕ್ಕೆ ಟಿಪ್ಪುವಿನ ಇಬ್ಬರು ಮಕ್ಕಳು. ಆ ಹಣದ ಹೊರೆ ಹೊತ್ತವರಲ್ಲಿ ಮಾನದ ಭಾಷಣ ಕೇಳಿರದ ರೈತರೂ ಇದ್ದರು.

"ಅದು ಎತ್ತಿನ ಕಾಲ ಬಿಡಿ. ಈಗ ಡ್ರೋನು, ಕ್ಷಿಪಣಿ!"

"ಅವೇನು ಗಾಳಿ ಕುಡಿದು ಹಾರ್ತಾವಾ?" ಗೌಡ್ರು ಎದ್ದರು. "ಯುದ್ಧ ಎಲ್ಲೇ ಆಗ್ಲಿ, ಡೀಸೆಲ್ ರೇಟು ಏರೋದು ನಮ್ಮ ಹೊಸೂರು ರಸ್ತೆ ಬಂಕಲ್ಲೇ. ಕಾಫಿ ಬಿಲ್ಲು ನೀವೇ ಕೊಡಿ ಮೇಷ್ಟ್ರೇ, ಯುದ್ಧ ಶುರು ಮಾಡಿದ್ದು ನೀವು."