ಕೆಟ್ಟವನಾಗಲು ಈ ಬಟನ್ ಒತ್ತಿ

ಜಗಳದಲ್ಲಿ ಆಡಬೇಕಿದ್ದ ಮಾತು ನನಗೆ ಹೊಳೆಯುವುದು ಮನೆಗೆ ಬಂದು ಕಾಲು ತೊಳೆಯುವಾಗ. ಇಂಥವನಿಗೆ, ಎದುರಿನವ ಬಾಯಿ ಮುಚ್ಚಿದ ಕೂಡಲೇ ಮೂರ್ನಾಲ್ಕು ಉತ್ತರಗಳನ್ನು ಪರದೆಯ ಮೇಲೆ ಸಾಲಾಗಿ ಜೋಡಿಸಿ ‘ಬೇಕಾದ್ದು ಆರಿಸಿಕೋ’ ಎನ್ನುವ ವಿಡಿಯೋ ಗೇಮ್ ಸಿಕ್ಕರೆ ಹೇಗಾಗಬೇಡ! ಕ್ರಿಸ್‌ಮಸ್ ರಜೆಗೆ ಬಂದಿದ್ದ ತಂಗಿಯ ಮಗ ತನ್ನ ಲ್ಯಾಪ್‌ಟಾಪಿನಲ್ಲಿ ‘ಮಾಸ್ ಎಫೆಕ್ಟ್ 2’ ಹಾಕಿಕೊಟ್ಟ. ನಾನು ಶೆಪರ್ಡ್ ಎಂಬ ಬಾಹ್ಯಾಕಾಶದ ಕಮಾಂಡರ್. ಸಜ್ಜನಿಕೆಗೊಂದು ದಾರಿ, ಪುಂಡಾಟಕ್ಕೊಂದು ದಾರಿ. ಗಗನಚುಂಬಿ ಕಟ್ಟಡವೊಂದರಲ್ಲಿ ಬಾಡಿಗೆ ಸೈನಿಕನೊಬ್ಬ ಎದುರು ನಿಂತು ಗಳಹುತ್ತಿರುವಾಗ, ಒಂದು ಬಟನ್ ಒತ್ತಿದರೆ ಸಾಕು, ಅವನನ್ನು ಕಿಟಕಿಯಿಂದಾಚೆ ನೂಕಬಹುದು.

ನಾನು ನೂಕಲಿಲ್ಲ. ಅವನಿಗೂ ಹೆಂಡತಿ ಮಕ್ಕಳು ಇರಬಹುದಲ್ಲ.

“ಮಾಮ, ಅವನು ಬರೀ ಪಿಕ್ಸೆಲ್ಲು!” ಎಂದ ಹುಡುಗ.

ಪಿಕ್ಸೆಲ್ಲಾದರೇನು, ನಿಂತ ಭಂಗಿ ಥೇಟ್ ನಮ್ಮ ಅಪಾರ್ಟ್‌ಮೆಂಟ್ ಸಂಘದ ಅಧ್ಯಕ್ಷರದು. ಅವರ ಹತ್ತಿರ ನೀರಿನ ಟ್ಯಾಂಕರಿನ ಲೆಕ್ಕ ಕೇಳಲು ಹೋಗಿ, ಅವರ ಮಗಳ ಮದುವೆಯಲ್ಲಿ ಪಾರ್ಕಿಂಗ್ ನೋಡಿಕೊಳ್ಳುತ್ತೇನೆಂದು ಒಪ್ಪಿ ಬಂದವನು ನಾನು.

ಸಮಾಧಾನವೆಂದರೆ ಈ ಜಾತಿಗೆ ಬಹುಮತವಿದೆ. ಬಯೋವೇರ್‌ನಲ್ಲಿ ಈ ಸರಣಿಗೆ ದುಡಿದ ಜಾನ್ ಎಬೆಂಗರ್ 2020ರಲ್ಲಿ ಹೇಳಿದ ಪ್ರಕಾರ, ಆಡಿದವರಲ್ಲಿ ಸುಮಾರು ಶೇ. 92ರಷ್ಟು ಜನ ಸಜ್ಜನಿಕೆಯ ದಾರಿಯನ್ನೇ ಹಿಡಿದಿದ್ದರಂತೆ. ಪುಂಡಾಟದ ಭಾಗಕ್ಕೂ ತಾವು ಸಾಕಷ್ಟು ಬೆವರು ಸುರಿಸಿದ್ದೆವು ಎಂದು ಅವರು ಮುಖ ಸಪ್ಪಗೆ ಮಾಡಿಕೊಂಡಿದ್ದರು. ನೂರು ಎಲೆ ಹಾಕಿಸಿ ಎಂಟೇ ಪಂಕ್ತಿಗೆ ಬಂದರೆ ಅಡಿಗೆಭಟ್ಟರ ಹೊಟ್ಟೆ ಉರಿಯುವುದಿಲ್ಲವೇ? ಅಷ್ಟು ಸೊಗಸಾದ ಬೈಗುಳಗಳನ್ನು ಕೂತು ಹೆಣೆದವರನ್ನು ನೆನೆದು ಒಂದು ಸಲವಾದರೂ ಬಯ್ಯೋಣವೆಂದುಕೊಂಡೆ. ಬೆರಳು ಒಪ್ಪಲಿಲ್ಲ.

ಕವಲು ಬರೆಯುವುದು ದುಬಾರಿ ಬಾಬತ್ತು. ಹತ್ತೇ ಸಲ ಎರಡರಲ್ಲೊಂದು ಆರಿಸಲು ಬಿಟ್ಟು, ಯಾವ ಕವಲೂ ಮತ್ತೆ ಕೂಡದಂತೆ ಬೆಳೆಸಿದರೆ ಕೊನೆಗೆ 1,024 ಕಥೆಗಳಾಗುತ್ತವೆ. ಅಷ್ಟಕ್ಕೆ ಸಂಬಳ ಕೊಡುವವರಾರು? ಹಾಗಾಗಿ ಬೇರೆ ಮಾಡಿದ ದಾರಿಗಳನ್ನು ಮುಂದೆಲ್ಲೋ ಸದ್ದಿಲ್ಲದೆ ಸೇರಿಸುತ್ತಾರೆ. 2012ರ ‘ದಿ ವಾಕಿಂಗ್ ಡೆಡ್’ನಲ್ಲಿ ಡಗ್, ಕಾರ್ಲಿ ಇಬ್ಬರಲ್ಲಿ ಒಬ್ಬರನ್ನಷ್ಟೇ ಉಳಿಸಬಹುದು. ಯಾರನ್ನು ಉಳಿಸಿದರೂ ಮೂರನೇ ಕಂತಿನಲ್ಲಿ ಅವರೂ ಹೋಗುತ್ತಾರೆ. “ಮೋಸ!” ಎಂದು ನನ್ನ ಸೋದರಳಿಯ ಸಿಡಿದ. ನನಗೆ ಹಾಗನ್ನಿಸಲಿಲ್ಲ. ಅದರಲ್ಲಿ ಎಂಟು ವರ್ಷದ ಕ್ಲೆಮೆಂಟೈನ್ ಇದ್ದಾಳೆ. ಅವಳೆದುರು ಏನಾದರೂ ಅಂದುಬಿಟ್ಟರೆ, ಹುಡುಗಿ ಇದನ್ನು ನೆನಪಿಟ್ಟುಕೊಳ್ಳುತ್ತಾಳೆ ಎಂದು ಪರದೆಯ ಮೂಲೆಯಲ್ಲಿ ಅಕ್ಷರ ಮೂಡುತ್ತದೆ. ಕಥೆ ಅಲ್ಲಾಡದಿದ್ದರೂ ಎದೆ ಧಸಕ್ಕೆನ್ನುತ್ತದೆ. ಕೊಟ್ಟ ದುಡ್ಡಿಗೆ ಅಷ್ಟು ಸಾಲದೇ? ಉತ್ತರಕ್ಕೆ ಗಡುವೂ ಉಂಟು. ಮೀರಿದರೆ ಮೌನವೇ ನಿಮ್ಮ ಉತ್ತರ. ನಾನು ಆಡಿದ್ದು ಬಹುಪಾಲು ಅದೇ.

ಆಮೇಲೆ ‘ಫಾರ್ ಕ್ರೈ 4’ ಬಂತು. ಅಮೆರಿಕದಲ್ಲಿ ಬೆಳೆದ ಅಜಯ್ ಘಲೆ ತಾಯಿಯ ಚಿತಾಭಸ್ಮ ಹಿಡಿದು ಕಿರಾತ್ ಎಂಬ ಕಲ್ಪಿತ ಹಿಮಾಲಯದ ದೇಶಕ್ಕೆ ಬರುತ್ತಾನೆ. ಅಲ್ಲಿನ ಸರ್ವಾಧಿಕಾರಿ ಪೇಗನ್ ಮಿನ್ ಊಟಕ್ಕೆ ಕೂರಿಸಿ, ಅಲ್ಲಾಡಬೇಡ, ಈಗ ಬಂದೆ ಎಂದು ಹೊರಗೆ ಹೋಗುತ್ತಾನೆ. ಹುಡುಗ ತಟ್ಟನೆ ಅಜಯನನ್ನು ಎಬ್ಬಿಸಿದ. ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಮ್ಮನಿಗೆ ಸರಿಬರಲಿಲ್ಲ.

“ಕೂತಿರು ಅಂತ ಹೇಳಿ ಹೋಗಿದಾರೆ. ಎಲೆ ಮುಂದಿಂದ ಯಾಕೋ ಎದ್ದ ಇವನು?”

“ಅಜ್ಜೀ, ಎದ್ದರೇನೇ ಆಟ ಶುರುವಾಗೋದು.”

“ಕೂರಿಸು ಮೊದಲು.”

ಕೂರಿಸಿದ. ಕಾಲು ಗಂಟೆ ಪರದೆಯ ಮೇಲೆ ಊಟದ ಮೇಜು ಬಿಟ್ಟರೆ ಏನೂ ಇಲ್ಲ. ಆಮೇಲೆ ಮಿನ್ ಹೇಳಿದ ಹಾಗೆ ಬಂದ, ಕಾದದ್ದಕ್ಕೆ ಮೆಚ್ಚಿಕೊಂಡ, ಅಜಯನನ್ನು ಕರೆದೊಯ್ದು ತಾಯಿಯ ಬೂದಿ ಸೇರಬೇಕಾದಲ್ಲಿ ಸೇರಿಸಲು ಬಿಟ್ಟ. ಆಟ ಮುಗಿಯಿತು, ಕೆಲಸ ಮಾಡಿದವರ ಹೆಸರುಗಳು ಓಡತೊಡಗಿದವು. ಇದೇ ಆಟವನ್ನು ಹಿಂದಿನ ರಜೆಯಿಡೀ ಬೆಟ್ಟ ಹತ್ತಿ, ಗುಂಡು ಹಾರಿಸಿ, ಆನೆ ಮೇಲೆ ಕೂತು ಮುಗಿಸಿದ್ದ ಹುಡುಗ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ.

“ಇಂಥದ್ದು ಇನ್ನೊಂದಿದ್ರೆ ಹಾಕೋ,” ಅಂದಳು ಅಮ್ಮ, “ಇನ್ನೂ ಅರ್ಧ ಬುಟ್ಟಿ ಕಾಯಿ ಇದೆ.”